ಜಕ್ಕೂರಿಗೆ ಯಾವ ವಿಮಾನ ಲೇಸು?

ಹೆಬ್ಬಾಳ ದಾಟಿ ಏರ್‌ಪೋರ್ಟಿನ ಕಡೆ ಹೋಗುವ ಮೇಲುರಸ್ತೆ ಹತ್ತಿದರೆ ಬಲಗಡೆ ಒಂದು ಬಯಲು ಕಂಡು ಅಷ್ಟೇ ಬೇಗ ಮರೆಯಾಗುತ್ತದೆ. ಹುಲ್ಲು, ನಡುವೆ ಒಂದು ಡಾಂಬರು ಪಟ್ಟಿ, ಹ್ಯಾಂಗರುಗಳು, ಅವುಗಳ ಮುಂದೆ ಒಂದೆರಡು ಪುಟ್ಟ ವಿಮಾನ. ಅದೇ ಜಕ್ಕೂರು ವಿಮಾನಾಂಗಣ. ಜಯಚಾಮರಾಜ ಒಡೆಯರು 1948ರಲ್ಲಿ ಕೊಟ್ಟ ಇನ್ನೂರಕ್ಕೂ ಹೆಚ್ಚು ಎಕರೆ ಜಾಗದಲ್ಲಿ ಶುರುವಾದದ್ದು. ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇಲ್ಲಿದೆ. ಎನ್‌ಸಿಸಿಯ ವಾಯುದಳ ಘಟಕವಿದೆ, ಮೈಕ್ರೋಲೈಟ್ ಹಾರಿಸುವವರಿದ್ದಾರೆ. ಕ್ಯಾಪ್ಟನ್ ಗೋಪಿನಾಥ್ ಅವರ ಡೆಕ್ಕನ್ ಏವಿಯೇಷನ್ 1997ರಲ್ಲಿ ಹೆಲಿಕಾಪ್ಟರ್ ಸೇವೆ ಆರಂಭಿಸಿದ್ದೂ ಇಲ್ಲಿಂದಲೇ.

ಇಲ್ಲಿಂದ ಕೂಗಳತೆಯಲ್ಲಿರುವ ಯಲಹಂಕ ವಾಯುನೆಲೆಯಲ್ಲಿ 1996ರಿಂದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನಡೆಯುತ್ತಿದೆ. ಆ ವಾರ ಆರ್.ಟಿ. ನಗರದ ತಾರಸಿಗಳ ಮೇಲೆಲ್ಲ ಜನ. ಹದ್ದುಗಳು ಹಾರಾಟಕ್ಕೆ ಅಡ್ಡ ಬರಬಾರದೆಂದು ಸುತ್ತಲಿನ ಮಾಂಸದಂಗಡಿಗಳಿಗೆ ಬೀಗ. ತಲೆಯ ಮೇಲೆ ಫೈಟರ್ ಗುಡುಗಿಕೊಂಡು ಹೋದಾಗ ಮಕ್ಕಳು ಕೇಳುವ ಮೊದಲ ಪ್ರಶ್ನೆ, ‘ಎಷ್ಟು ಸ್ಪೀಡು?’ ಫೈಟರ್‌ಗೆ ಅದು ಸರಿಯಾದ ಪ್ರಶ್ನೆ. ಆದರೆ ದೊಡ್ಡವರೂ ಜಕ್ಕೂರಿನ ಎರಡು ಸೀಟಿನ ವಿಮಾನದ ಮುಂದೆ ನಿಂತು ಅದನ್ನೇ ಕೇಳುತ್ತಾರೆ. ಪುಟ್ಟ ವಿಮಾನಗಳನ್ನು ಹೋಲಿಸುವಾಗ ನಾನು ಮೊದಲು ಕೇಳುವುದು, ಇದು ಎಷ್ಟು ನಿಧಾನವಾಗಿ ಹಾರಬಲ್ಲದು, ಆ ನಿಧಾನದಲ್ಲಿ ಇದರ ನಡತೆ ಹೇಗೆ ಎಂದು. ಅಪಘಾತಗಳಾಗುವುದೂ ವಿದ್ಯಾರ್ಥಿಗಳು ಬೆವರುವುದೂ ಹೆಚ್ಚಾಗಿ ಅಲ್ಲೇ, ನೆಲದ ಹತ್ತಿರ, ಕಡಿಮೆ ವೇಗದಲ್ಲಿ.

ಗಾಳಿಯನ್ನು ರೆಕ್ಕೆ ಎದುರಿಸುವ ಕೋನ ಒಂದು ಮಿತಿ ದಾಟಿದರೆ, ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಕಿತ್ತು ಚದುರುತ್ತದೆ. ಎತ್ತುವ ಬಲ ಕುಸಿಯುತ್ತದೆ. ಇದೇ ಸ್ಟಾಲ್. ಎಂಜಿನ್ ಚೆನ್ನಾಗಿಯೇ ಓಡುತ್ತಿರಬಹುದು, ಆದರೂ ವಿಮಾನ ಬೀಳುತ್ತದೆ. ಸ್ಟಾಲ್ ಆಗುವ ವೇಗವನ್ನು ಮುಖ್ಯವಾಗಿ ನಿರ್ಧರಿಸುವುದು ರೆಕ್ಕೆಯ ಒಂದೊಂದು ಚದರ ಮೀಟರ್ ಹೊರುವ ತೂಕ. ಸೆಸ್ನಾ 152ರಲ್ಲಿ ಇದು ಸುಮಾರು 51 ಕಿಲೋ, ಸೆಸ್ನಾ 172ಎಸ್‌ನಲ್ಲಿ 72. ಅಮೆರಿಕದ ಶ್ರೀಮಂತರ ಮೆಚ್ಚಿನ ಸಿರಸ್ ಎಸ್‌ಆರ್22ರಲ್ಲಿ 120ರ ಆಸುಪಾಸು. ಅದಕ್ಕೆ ತಕ್ಕಂತೆ, ರೆಕ್ಕೆಯ ಹಿಂದಿನ ಅಂಚಿನ ಫ್ಲ್ಯಾಪ್ ಇಳಿಸಿದಾಗ 152 ಗಂಟೆಗೆ 80 ಕಿಲೋಮೀಟರಿನವರೆಗೆ ತಾಳುತ್ತದೆ, 172 ಸುಮಾರು 89ರವರೆಗೆ, ಸಿರಸ್ 111ರವರೆಗೆ ಮಾತ್ರ. ನೆಲ ಮುಟ್ಟುವಾಗ ಮೈಯಲ್ಲಿರುವ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುವುದರಿಂದ, ಈ ವ್ಯತ್ಯಾಸಗಳು ಕಾಗದದ ಮೇಲೆ ಕಾಣುವುದಕ್ಕಿಂತ ದೊಡ್ಡವು.

ಇನ್ನು ಊರಿನ ಎತ್ತರದ ವಿಷಯ. ಇದನ್ನು ಮರೆತು ಕಂಪನಿಯ ಕೈಪಿಡಿಯ ಮೊದಲ ಪುಟದ ಅಂಕಿಗಳನ್ನು ನಂಬಿದವರು ಕೆಡುತ್ತಾರೆ. ಆ ಅಂಕಿಗಳು ಸಮುದ್ರಮಟ್ಟದ, 15 ಡಿಗ್ರಿಯ ತಂಪು ದಿನದವು. ಬೆಂಗಳೂರು ಇರುವುದು ಸುಮಾರು 3,000 ಅಡಿಯ ಮೇಲೆ. ಆ ಎತ್ತರಕ್ಕೆ ಶಾಸ್ತ್ರದ ಪ್ರಕಾರ ಇರಬೇಕಾದ ಉಷ್ಣತೆ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 34 ಇದ್ದರೆ 25 ಡಿಗ್ರಿ ಹೆಚ್ಚಾಯಿತು. ಹೆಚ್ಚಿನ ಒಂದೊಂದು ಡಿಗ್ರಿಗೆ ಸುಮಾರು 120 ಅಡಿ ಸೇರಿಸಿ ಎಂಬುದು ಪೈಲಟ್‌ಗಳ ಲೆಕ್ಕ. ಕೂಡಿದರೆ 6,000 ಅಡಿ. ಅಂದರೆ ಜಕ್ಕೂರಿನ ರನ್‌ವೇ ಮೇಲೆ ನಿಂತ ವಿಮಾನಕ್ಕೆ ಸಿಗುವ ಗಾಳಿ ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ನೆತ್ತಿಯದಷ್ಟು ತೆಳು.

ತೆಳು ಗಾಳಿ ಎಲ್ಲ ಕಡೆಯಿಂದಲೂ ಕಿತ್ತುಕೊಳ್ಳುತ್ತದೆ. ಸಾಮಾನ್ಯ ಎಂಜಿನ್ನಿನ ಬಲದಲ್ಲಿ ನೂರಕ್ಕೆ ಹದಿನೈದು ಭಾಗಕ್ಕಿಂತ ಹೆಚ್ಚು ಹೋಗುತ್ತದೆ, ಪ್ರೊಪೆಲರ್‌ನ ಹಿಡಿತ ಸಡಿಲವಾಗುತ್ತದೆ. ಮೀಟರಿನಲ್ಲಿ ಕಾಣುವ ವೇಗ ಎಂದಿನಷ್ಟೇ ಇದ್ದರೂ ನೆಲದ ಮೇಲಿನ ನಿಜವಾದ ವೇಗ ನೂರಕ್ಕೆ ಒಂಬತ್ತರಷ್ಟು ಹೆಚ್ಚಿರುತ್ತದೆ, ಹಾಗಾಗಿ ಇಳಿದ ಮೇಲಿನ ಓಟ ಐದನೇ ಒಂದು ಭಾಗ ಉದ್ದವಾಗುತ್ತದೆ. 152ರ 110 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್ ಸಮುದ್ರಮಟ್ಟದಲ್ಲಿ ವಿಮಾನವನ್ನು ನಿಮಿಷಕ್ಕೆ 715 ಅಡಿ ಮೇಲೇರಿಸುತ್ತದೆ ಎಂದು ಕೈಪಿಡಿ ಹೇಳುತ್ತದೆ. ಮೇಲೆ ಹೇಳಿದ ಮಧ್ಯಾಹ್ನ ಅದು 450ರ ಹತ್ತಿರಕ್ಕೆ ಇಳಿಯುತ್ತದೆ. ನಿಂತ ಜಾಗದಿಂದ ಹೊರಟು 50 ಅಡಿ ಎತ್ತರದ ಅಡ್ಡಿಯನ್ನು ದಾಟಲು 1,340 ಅಡಿ ಸಾಕಾಗಿದ್ದದ್ದು ಎರಡು ಸಾವಿರದ ಹತ್ತಿರ ಹೋಗುತ್ತದೆ. ಕಿಲೋಮೀಟರಿನ ಆಸುಪಾಸಿನ ರನ್‌ವೇಯಲ್ಲಿ ಇದು ಕೈಯಲ್ಲಿ ಉಳಿಯುವ ಅಂತರವೇ. ಆದರೆ ಪಕ್ಕದ ಸೀಟಿನಲ್ಲಿ ಇನ್‌ಸ್ಟ್ರಕ್ಟರ್ ಸುಮ್ಮನೆ ಕೂತು ಕಿಟಕಿಯಾಚೆ ನೋಡುವಷ್ಟು ಆರಾಮವಲ್ಲ.

172 ಇದಕ್ಕಿಂತ ಗಟ್ಟಿ. ಎಸ್ ಮಾದರಿಗೆ 180 ಅಶ್ವಶಕ್ತಿ, ನಾಲ್ಕು ಸೀಟು. ಐವತ್ತರ ದಶಕದ ಮಧ್ಯದಿಂದ ಇಲ್ಲಿಯವರೆಗೆ ನಲವತ್ತು ಸಾವಿರಕ್ಕೂ ಹೆಚ್ಚು ತಯಾರಾಗಿವೆ, ಇಷ್ಟು ಸಂಖ್ಯೆಯಲ್ಲಿ ಬೇರೆ ಯಾವ ವಿಮಾನವೂ ತಯಾರಾಗಿಲ್ಲ. ಸ್ಟಾಲ್ ಮಾಡಿಸಲು ಹೊರಟರೆ ಮೂತಿ ಎತ್ತಿ ನಡುಗಿ, ಎಚ್ಚರಿಕೆಯ ಪೀಪಿ ಊದಿ, ಕೊನೆಗೆ ಬೇಸರದಿಂದೆಂಬಂತೆ ಮೂತಿ ತಗ್ಗಿಸುತ್ತದೆ, ಅಷ್ಟೇ. ಇದರ ನಾಲ್ಕನೇ ಸೀಟು ಮಾತ್ರ ಒಂದು ಸೌಜನ್ಯ. ಟ್ಯಾಂಕ್ ತುಂಬಿಸಿದ ಮೇಲೆ ಜನರಿಗೂ ಬ್ಯಾಗಿಗೂ ಸೇರಿ ಉಳಿಯುವುದು ಸುಮಾರು 260 ಕಿಲೋ. ಮದುವೆಯೂಟ ಮುಗಿಸಿದ ನಾಲ್ವರು ಗಂಡಸರು ಅದರೊಳಗೆ ಬರುವುದಿಲ್ಲ. ಬೆಂಗಳೂರಿನ ಬಿಸಿಲಿನಲ್ಲಂತೂ ಮೂವರು ಮತ್ತು ಅರ್ಧ ಟ್ಯಾಂಕ್ ಎಂದುಕೊಳ್ಳುವುದು ಜಾಣತನ.

ಸೆಸ್ನಾಗಳು ತುಂಬುವ ಮೊದಲು ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿದ್ದದ್ದು ಬೆಂಗಳೂರಿನದೇ ವಿಮಾನ. ಎಚ್‌ಎಎಲ್‌ನ ಪುಷ್ಪಕ್ 1958ರ ಸೆಪ್ಟೆಂಬರಿನಲ್ಲಿ ಮೊದಲು ಹಾರಿತು. ಉಕ್ಕಿನ ಕೊಳವೆಗಳ ಹಂದರ, ಮೇಲೆ ಬಟ್ಟೆ, 90 ಅಶ್ವಶಕ್ತಿಯ ಎಂಜಿನ್. ಸುಮಾರು 160 ತಯಾರಾದವು. ಪುರಾಣದ ಪುಷ್ಪಕದಲ್ಲಿ ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗ ಉಳಿಯುತ್ತಿತ್ತಂತೆ, ಇದರಲ್ಲಿ ಎರಡೇ ಸೀಟು. ಗಾಳಿಯಲ್ಲಿ ಸಾಧು, ನೆಲದ ಮೇಲೆ ತುಂಟ. ಕಾರಣ ಬಾಲದ ಚಕ್ರ. ಮುಖ್ಯ ಚಕ್ರಗಳ ಹಿಂದೆ ತೂಕದ ಕೇಂದ್ರವಿರುವುದರಿಂದ, ಇಳಿದಾಗ ವಿಮಾನ ಸ್ವಲ್ಪ ಓರೆಯಾದರೂ ಹಿಂಭಾಗ ಮುಂದಕ್ಕೆ ನುಗ್ಗಲು ನೋಡುತ್ತದೆ. ಪೈಲಟ್ ಕಾಲಿನಲ್ಲಿ ರಡರ್ ಒತ್ತಿ ಕ್ಷಣಕ್ಷಣಕ್ಕೂ ತಿದ್ದದಿದ್ದರೆ ಗಿರ್ರನೆ ತಿರುಗಿ ಎದುರು ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತದೆ. ಮೂತಿಯ ಚಕ್ರದ ಸೆಸ್ನಾದಲ್ಲಿ ಇದೇ ಭೌತಶಾಸ್ತ್ರ ತಾನಾಗಿಯೇ ವಿಮಾನವನ್ನು ನೇರ ಮಾಡುತ್ತದೆ. ಪುಷ್ಪಕ್‌ನಂಥ ವಿಮಾನಗಳಲ್ಲಿ ಕಲಿತ ಹಳಬರು ಹೊಸಬರ ಕಾಲುಗಳು ನಿದ್ದೆ ಹೋಗಿವೆ ಎಂದು ಗೊಣಗುವುದರಲ್ಲಿ ಅರ್ಥವಿದೆ. ಆದರೆ ಆ ಕಾಲದಲ್ಲಿ ಮುರಿದ ಪ್ರೊಪೆಲರ್‌ಗಳ ಲೆಕ್ಕವನ್ನೂ ಅವರು ಹೇಳಬೇಕು.

ಈಗ ನನಗೆ ಎಲ್ಲಕ್ಕಿಂತ ಕುತೂಹಲದ ಜೋಡಿಗೆ ಬರುತ್ತೇನೆ. ಎನ್‌ಸಿಸಿ ಕೆಡೆಟ್‌ಗಳು ಹಾರುತ್ತಿದ್ದದ್ದು ಝೆನೇರ್ ಸಿಎಚ್ 701 ಎಂಬ ಮೈಕ್ರೋಲೈಟ್‌ನಲ್ಲಿ. ಬಳಿಕ ಸ್ಲೊವೇನಿಯಾದ ಪಿಪಿಸ್ಟ್ರೆಲ್ ಕಂಪನಿಯ ವೈರಸ್ ಎಸ್‌ಡಬ್ಲ್ಯು 80 ಬಂತು. 2015ರಲ್ಲಿ ಒಟ್ಟು 194 ವೈರಸ್‌ಗಳಿಗೆ ಒಪ್ಪಂದವಾಯಿತು, ಅದರಲ್ಲಿ 110 ಎನ್‌ಸಿಸಿಯ ಪಾಲು. (ಕೊರೋನಾ ಬಂದಾಗ ಆ ಹೆಸರು ಕಂಪನಿಗೆ ಎಷ್ಟು ಮುಜುಗರ ತಂದಿರಬಹುದೋ!) ಎರಡಕ್ಕೂ ರೋಟಾಕ್ಸ್ 912 ಬಳಗದ, 80 ಅಶ್ವಶಕ್ತಿಯ ಎಂಜಿನ್ ಹೊಂದುತ್ತದೆ. ತೂಕವೂ ಹತ್ತಿರಹತ್ತಿರ. ಆದರೂ ಇವೆರಡು ಒಂದೇ ಜಾತಿಯವೆಂದು ನಂಬುವುದು ಕಷ್ಟ.

ಸಿಎಚ್ 701ರ ರೆಕ್ಕೆ ಗಿಡ್ಡ, ದಪ್ಪ. ಅದರ ಮುಂದಿನ ಅಂಚಿನುದ್ದಕ್ಕೂ ಒಂದು ಸೀಳು ಬಿಟ್ಟು ಇನ್ನೊಂದು ಪಟ್ಟಿ ಕಟ್ಟಿದ್ದಾರೆ. ಮೂತಿ ಎತ್ತರಿಸಿದಾಗ ಆ ಸೀಳಿನಿಂದ ನುಗ್ಗಿದ ಗಾಳಿ ರೆಕ್ಕೆಯ ಬೆನ್ನಿಗೆ ಅಂಟಿ ಹರಿಯುತ್ತದೆ, ಸ್ಟಾಲ್ ಮುಂದಕ್ಕೆ ಹೋಗುತ್ತದೆ. ಪರಿಣಾಮವಾಗಿ ಗಂಟೆಗೆ 48 ಕಿಲೋಮೀಟರ್ ವೇಗದಲ್ಲೂ ಇದು ಗಾಳಿಯಲ್ಲಿರುತ್ತದೆ. ಔಟರ್ ರಿಂಗ್ ರೋಡಿನಲ್ಲಿ ಭಾನುವಾರ ಬೆಳಿಗ್ಗೆ ಅದಕ್ಕಿಂತ ಜೋರಾಗಿ ಸ್ಕೂಟರ್ ಓಡುತ್ತದೆ. ಈ ವರಕ್ಕೆ ತೆರುವ ಬೆಲೆ ಎಂದರೆ ಗಾಳಿಯ ತಡೆ. ಎಷ್ಟು ಥ್ರಾಟಲ್ ಕೊಟ್ಟರೂ ಪ್ರಯಾಣದ ವೇಗ 130 ದಾಟಲು ಒಲ್ಲೆನ್ನುತ್ತದೆ. ಎಂಜಿನ್ ನಿಂತರೆ ಆ ತಡೆಯೇ ಶತ್ರು. ಪೆಡಲ್ ಬಿಟ್ಟ ಸೈಕಲ್ ಏರಿನಲ್ಲಿ ನಿಂತುಬಿಡುವಂತೆ ವೇಗ ಕ್ಷಣದಲ್ಲಿ ಕರಗುತ್ತದೆ, ಪೈಲಟ್ ಯೋಚಿಸದೆ ಮೂತಿ ತಗ್ಗಿಸಲೇಬೇಕು.

ವೈರಸ್ ಗ್ಲೈಡರಿನ ಮನೆತನದ್ದು. ಹತ್ತು ಮೀಟರಿಗೂ ಮಿಕ್ಕಿದ ಉದ್ದನೆಯ, ಸಪೂರ ರೆಕ್ಕೆ, ನುಣುಪಾದ ಕಾಂಪೋಸಿಟ್ ಮೈ. ಅದೇ 80 ಅಶ್ವಶಕ್ತಿಯಲ್ಲಿ ಗಂಟೆಗೆ 246 ಕಿಲೋಮೀಟರ್ ಎನ್ನುತ್ತದೆ ಕಂಪನಿ. ನೂರು ಅಶ್ವಶಕ್ತಿ ಹೆಚ್ಚಿರುವ ಸೆಸ್ನಾ 172ಕ್ಕೂ ಅದು ಸಿಗುವುದಿಲ್ಲ. ಸ್ಟಾಲ್ ವೇಗ 64. ಪ್ರಯಾಣದ ವೇಗವನ್ನು ಸ್ಟಾಲ್ ವೇಗದಿಂದ ಭಾಗಿಸಿ ನೋಡಿದರೆ 172ಕ್ಕೆ ಎರಡೂವರೆ ಚಿಲ್ಲರೆ ಬರುತ್ತದೆ, 701ಕ್ಕೂ ಅಷ್ಟೇ, ವೈರಸ್‌ಗೆ ನಾಲ್ಕರ ಹತ್ತಿರ. ವಿನ್ಯಾಸಕಾರನ ಜಾಣತನ ಅಳೆಯಲು ಇದಕ್ಕಿಂತ ಒಳ್ಳೆಯ ಒಂದೇ ಅಂಕಿ ನನಗೆ ಗೊತ್ತಿಲ್ಲ.

ಹಾಗಾದರೆ ವೈರಸ್ಸೇ ಗೆದ್ದಿತೆ? ಇಳಿಯುವವರೆಗೆ ತಾಳಿ. ಜಾರುವ ಮೈಯ ವಿಮಾನಕ್ಕೆ ನೆಲ ಬೇಡ. ರೆಕ್ಕೆಯ ಮೇಲೆ ಏರ್‌ಬ್ರೇಕ್ ಎತ್ತದಿದ್ದರೆ, ರನ್‌ವೇಗೆ ಬರುವಾಗ ಹತ್ತು ಕಿಲೋಮೀಟರ್ ವೇಗ ಹೆಚ್ಚಿದ್ದರೂ ಸಾಕು, ನೆಲದಿಂದ ಮೂರಡಿ ಮೇಲೆ ತೇಲುತ್ತಲೇ ಹೋಗುತ್ತದೆ. ಉದ್ದನೆಯ ರನ್‌ವೇ ಇರುವ ಕಡೆ ಇದು ತಮಾಷೆ, ಜಕ್ಕೂರಿನಲ್ಲಿ ಅಲ್ಲ. 701ರಲ್ಲಿ ವಿದ್ಯಾರ್ಥಿ ಹೆದರಬೇಕಾದದ್ದು ವೇಗ ಕಳೆದುಕೊಳ್ಳುವುದಕ್ಕೆ. ವೈರಸ್‌ನಲ್ಲಿ ಅದನ್ನು ಕಳೆಯಲಾಗದಿರುವುದಕ್ಕೆ. ಒಂದರಿಂದ ಇನ್ನೊಂದಕ್ಕೆ ಹೋದ ಕೆಡೆಟ್‌ಗೆ ಕೈಗೆ ಹತ್ತಿದ್ದ ಅಭ್ಯಾಸಗಳೆಲ್ಲ ತಿರುವುಮುರುವು.

ಮೈಕ್ರೋಲೈಟ್ ಎಂದರೆ ನಮ್ಮೂರಿನ ಇನ್ನೊಂದು ಹೆಸರನ್ನೂ ಹೇಳಬೇಕು. ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ ಕಂಪನಿ ಮಾಡುವ ಎಕ್ಸ್-ಏರ್ ಯುರೋಪಿನ ಹುಲ್ಲು ಮೈದಾನಗಳಲ್ಲೂ ಹಾರುತ್ತದೆ. ಅಲ್ಯೂಮಿನಿಯಂ ಕೊಳವೆ, ಹಾಯಿಬಟ್ಟೆಯ ರೆಕ್ಕೆ, ನೋಡಲು ಆಟಿಕೆ. ಇಂಥ ಹಗುರ ರೆಕ್ಕೆಯ ತೊಂದರೆ ಬೇರೆ. ರೆಕ್ಕೆ ಹೊರುವ ತೂಕ ಕಡಿಮೆಯಾದಷ್ಟೂ ಗಾಳಿಯ ಒಂದೇ ಹೊಡೆತಕ್ಕೆ ವಿಮಾನ ಹೆಚ್ಚು ಎಗರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಹನ್ನೊಂದು ಗಂಟೆಯ ಹೊತ್ತಿಗೆ ಕಾಂಕ್ರೀಟು, ಡಾಂಬರು ಕಾದು ಬಿಸಿಗಾಳಿ ಕಂಬಗಳಾಗಿ ಏಳುತ್ತದೆ. ಜಕ್ಕೂರಿನ ಸುತ್ತ ಕೆರೆಯ ಮೇಲೆ ಗಾಳಿ ಇಳಿಮುಖ, ಅಪಾರ್ಟ್‌ಮೆಂಟಿನ ಮೇಲೆ ಏರುಮುಖ. 172ರಲ್ಲಿ ಗುಂಡಿ ಹಾರಿಸಿದಂತೆ ಅನಿಸುವುದು ಎಕ್ಸ್-ಏರ್‌ನಲ್ಲಿ ಎರಡೂ ಕೈ ಕೇಳುತ್ತದೆ. ಮೈಕ್ರೋಲೈಟ್‌ನವರು ಬೆಳಿಗ್ಗೆ, ಸಂಜೆ ಮಾತ್ರ ಹಾರಲು ನೋಡುವುದು ಇದಕ್ಕೇ. ಒಟ್ಟಿನಲ್ಲಿ ನಿಧಾನವಾಗಿ ಹಾರುವ ಗುಣ ಬೇಕೆಂದರೆ ಕುಲುಕಾಟ ಸಹಿಸಬೇಕು, ಎರಡೂ ಒಂದೇ ರೆಕ್ಕೆಯಿಂದ ಬರುವಂಥವು.

ಯಾವ ವಿಮಾನ ಎಂಬ ಪ್ರಶ್ನೆಗೆ ಬೆಂಗಳೂರೇ ಕೊಟ್ಟ ಉತ್ತರ, ಹಂಸ. ಅದನ್ನು ಮಾಡಿದ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ 1959ರಲ್ಲಿ ದೆಹಲಿಯಲ್ಲಿ ಹುಟ್ಟಿ, ಮರುವರ್ಷ ಇಲ್ಲಿಗೆ ಬಂತು. ಮೊದಲ ಕಚೇರಿ ಆರ್.ಟಿ. ನಗರದ ನೆರೆಯ ಜಯಮಹಲ್ ರಸ್ತೆಯಲ್ಲಿ, ಅರಮನೆಯ ಕುದುರೆ ಲಾಯದಲ್ಲಿ. ಎಂಬತ್ತರ ದಶಕದಲ್ಲಿ ಅಮೆರಿಕದ ಬರ್ಟ್ ರುಟಾನ್ ಅವರ ಲಾಂಗ್-ಈಝಿ ವಿನ್ಯಾಸ ಆಧರಿಸಿ, ಮೂತಿಯಲ್ಲೇ ಪುಟ್ಟ ರೆಕ್ಕೆಯಿರುವ ಒಂದು ಪ್ರಯೋಗದ ವಿಮಾನ ಕಟ್ಟಿದರು. ಆ ಮುಂದಿನ ರೆಕ್ಕೆ ಮೊದಲು ಸ್ಟಾಲ್ ಆಗಿ ಮೂತಿ ತಾನೇ ತಗ್ಗುವುದರಿಂದ ಮುಖ್ಯ ರೆಕ್ಕೆ ಸ್ಟಾಲ್ ತಲುಪುವುದೇ ಇಲ್ಲ. ಆ ವಿನ್ಯಾಸ ಮುಂದೆ ಹೋಗಲಿಲ್ಲ, ಕಾಂಪೋಸಿಟ್‌ನಲ್ಲಿ ವಿಮಾನ ಕಟ್ಟುವ ಕೌಶಲ ಮಾತ್ರ ಉಳಿಯಿತು. ಅದರಿಂದ ಬಂದದ್ದು ಎರಡು ಸೀಟಿನ ಹಂಸ. 1993ರಲ್ಲಿ ಮೊದಲ ಹಾರಾಟ, 2000ದಲ್ಲಿ ಹಂಸ-3ಕ್ಕೆ ಪ್ರಮಾಣಪತ್ರ.

ಹಂಸ-3ರಲ್ಲಿ ನನಗೆ ಇಷ್ಟವಾಗುವುದು ಅದರ ಎಂಜಿನ್ ಆಯ್ಕೆ. 115 ಅಶ್ವಶಕ್ತಿಯ ರೋಟಾಕ್ಸ್ 914 ಟರ್ಬೋ ಇರುವಂಥದ್ದು, ಅಂದರೆ ತೆಳು ಗಾಳಿಯನ್ನು ಒತ್ತಿ ದಟ್ಟ ಮಾಡಿ ಎಂಜಿನ್ನಿಗೆ ಊಡುತ್ತದೆ. ಬೆಂಗಳೂರಿನ ಎತ್ತರದಲ್ಲಿ 152 ಕಳೆದುಕೊಳ್ಳುವುದನ್ನು ಇದು ಕಳೆದುಕೊಳ್ಳುವುದಿಲ್ಲ. ಹೊಸ ಪೀಳಿಗೆಯ ಹಂಸ-ಎನ್‌ಜಿ ಟರ್ಬೋ ಬಿಟ್ಟು, ಕಂಪ್ಯೂಟರ್ ಇಂಧನ ಚಿಮ್ಮಿಸುವ ರೋಟಾಕ್ಸ್ 912ಐಎಸ್‌ಗೆ ಹೋಗಿದೆ. ಇಂಧನ ಉಳಿಯುತ್ತದೆ, ಏಳು ಗಂಟೆ ಹಾರಬಹುದು, ನಿರ್ವಹಣೆ ಸುಲಭ. ಆದರೂ ಎತ್ತರದ ಊರಿನವನಾಗಿ ನನಗೆ ಸ್ವಲ್ಪ ಕಸಿವಿಸಿ.

ಎನ್‌ಜಿ 2021ರ ಸೆಪ್ಟೆಂಬರ್ 3ರಂದು ಎಚ್‌ಎಎಲ್ ನಿಲ್ದಾಣದಿಂದ ಮೊದಲು ಹಾರಿತು. ಮರುವರ್ಷ ಫೆಬ್ರುವರಿಯಲ್ಲಿ ಅದನ್ನು ಪುದುಚೇರಿಗೆ ಕೊಂಡೊಯ್ದರು. 140 ನಾಟಿಕಲ್ ಮೈಲಿ, ಒಂದೂವರೆ ಗಂಟೆ. ಕಾರಣ ಮೋಜಿನದು: ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ವಿಮಾನಕ್ಕೆ ದಟ್ಟ ಗಾಳಿಯ ಅನುಭವವೇ ಇರಲಿಲ್ಲ. ಸಮುದ್ರಮಟ್ಟದಲ್ಲಿ ಎಂಜಿನ್ ಪೂರ್ತಿ ಬಲ ತೋರಿಸಿದಾಗ ಏರುವಿಕೆ, ಹತೋಟಿ, ಇಳಿಯಲು ಬಂದು ಮನಸ್ಸು ಬದಲಿಸಿ ಮತ್ತೆ ಏಳುವಾಗಿನ ನಡತೆ ಹೇಗಿರುತ್ತದೆ ಎಂದು ಅಲ್ಲಿ ನೋಡಿದರು. ಮೇ ತಿಂಗಳಲ್ಲಿ ಚಳ್ಳಕೆರೆಯ ಡಿಆರ್‌ಡಿಒ ಪರೀಕ್ಷಾ ಕ್ಷೇತ್ರದ ಮೇಲೆ, ಏಳೆಂಟು ಸಾವಿರ ಅಡಿ ಎತ್ತರದಲ್ಲಿ, ವಾಯುಪಡೆಯ ಪರೀಕ್ಷಾ ಪೈಲಟ್‌ಗಳು ಎಂಜಿನ್ ಆರಿಸಿ, ಗಾಳಿಗೇ ತಿರುಗುವ ಪ್ರೊಪೆಲರ್‌ನೊಂದಿಗೆ ಜಾರುತ್ತ ವಿಮಾನದ ನಡತೆ ಪರೀಕ್ಷಿಸಿ, ಮತ್ತೆ ಹೊತ್ತಿಸಿದರು. ವೇಗ 60ರಿಂದ 70 ನಾಟ್ ಮಾತ್ರ. ಕರಪತ್ರಗಳಲ್ಲಿ ದೊಡ್ಡಕ್ಷರದಲ್ಲಿ ಬರದ ಪರೀಕ್ಷೆ ಇದು. ಕೊಳ್ಳುವ ಕ್ಲಬ್‌ನವರು ಮೊದಲು ಓದಬೇಕಾದದ್ದು ಮಾತ್ರ ಇದನ್ನೇ.

ಏಕೆಂದರೆ ಜಕ್ಕೂರಿನಲ್ಲಿ ಎಂಜಿನ್ ನಿಂತರೆ ಎಲ್ಲಿಗೆ ಹೋಗುವುದು? 1948ರಲ್ಲಿ ಸುತ್ತಲೂ ರಾಗಿ ಹೊಲಗಳಿದ್ದ ಕಾಲದಲ್ಲಿ ಈ ಪ್ರಶ್ನೆಗೆ ಬೆಲೆಯಿರಲಿಲ್ಲ. ಈಗ ಪಶ್ಚಿಮಕ್ಕೆ ಏರಿದರೆ ಬಳ್ಳಾರಿ ರಸ್ತೆಯಾಚೆ ಉಳಿದಿರುವ ದೊಡ್ಡ ತೆರಪು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಹೊಲಗಳು. ಪೂರ್ವಕ್ಕೆ ಮನೆಗಳು, ಗೋಪುರಗಳು, ಕೆರೆ. ಸಾವಿರ ಅಡಿ ಎತ್ತರದಲ್ಲಿ ಎಂಜಿನ್ ಕೈಕೊಟ್ಟರೆ 172 ಸುಮಾರು ಎರಡೂಮುಕ್ಕಾಲು ಕಿಲೋಮೀಟರ್ ಜಾರಬಲ್ಲದು, ವೈರಸ್ ಐದು, 701ಕ್ಕೆ ಎರಡು ಸಿಕ್ಕರೆ ಪುಣ್ಯ. ಆದರೆ 701ಕ್ಕೆ ಇಳಿಯಲು ಒಂದು ಶಾಲೆಯ ಆಟದ ಮೈದಾನ ಸಾಕಾಗಬಹುದು, ವೈರಸ್‌ಗೆ ಸಾಲದು. ದೂರ ಹೋಗುವ ಗುಣ ದೊಡ್ಡದೋ, ಹತ್ತಿರದಲ್ಲೇ ಇಳಿಯುವ ಗುಣ ದೊಡ್ಡದೋ ಎಂಬುದು ಕೆಳಗಿನ ನೆಲ ನೋಡಿಯೇ ಹೇಳಬೇಕು. ಊರು ತುಂಬಿದ ಮೇಲೆ ನಾನು ಮೊದಲನೆಯದರ ಕಡೆ ವಾಲುತ್ತೇನೆ.

ಮೇಲುರಸ್ತೆಯೂ ಲೆಕ್ಕ ಬದಲಿಸಿತು. ಅದು ಬಂದ ಮೇಲೆ ರನ್‌ವೇಯ ಆ ತುದಿಯ ಬಳಕೆಗೆ ಕತ್ತರಿ ಬಿದ್ದು, ಇನ್ನೊಂದು ಕಡೆ ವಿಸ್ತರಿಸುವ ಮಾತು ವರ್ಷಗಟ್ಟಲೆ ನಡೆಯಿತು. ಮೂರು ಡಿಗ್ರಿ ಇಳಿಜಾರಿನಲ್ಲಿ ಬರುವ ವಿಮಾನಕ್ಕೆ ದಾರಿಯಲ್ಲಿ ಹತ್ತು ಮೀಟರ್ ಎತ್ತರದ ಅಡ್ಡಿ ಇದ್ದರೆ, ಅದನ್ನು ದಾಟಿ ನೆಲ ಮುಟ್ಟುವ ಹೊತ್ತಿಗೆ 190 ಮೀಟರ್ ಮುಂದೆ ಹೋಗಿರುತ್ತದೆ. ಕಡಿದಾಗಿ ಇಳಿಯಬಲ್ಲ ವಿಮಾನಕ್ಕೆ ಈ ನಷ್ಟ ಕಡಿಮೆ. ಸೆಸ್ನಾದ ದೊಡ್ಡ ಫ್ಲ್ಯಾಪ್‌ಗಳು ಪೂರ್ತಿ ಇಳಿದಾಗ ಅದು ಮೂತಿ ತಗ್ಗಿಸಿ, ವೇಗ ಏರಿಸದೆ, ಕಡಿದಾಗಿ ಬರುತ್ತದೆ. ಕಲಿಯುವವರಿಗೆ 152 ಆರಿಸಲು ನನ್ನ ಒಂದು ಕಾರಣ ಇದೂ ಹೌದು.

ಸಿರಸ್‌ನಂಥ ವಿಮಾನಗಳನ್ನು ಈ ಚರ್ಚೆಯಿಂದ ಹೊರಗೇ ಇಟ್ಟಿದ್ದೇನೆ. ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಅದರಲ್ಲಿದೆ, ಗಂಟೆಗೆ 330 ಕಿಲೋಮೀಟರ್ ಹೋಗುತ್ತದೆ, ಒಳಗೆ ಚರ್ಮದ ಸೀಟು. ದುಡ್ಡಿರುವವರಿಗೆ ಅದು ಬೇಕೆನಿಸುವುದು ಸಹಜ. ಜಕ್ಕೂರಿಗೆ ಮಾತ್ರ ಅದು ಹೇಳಿ ಮಾಡಿಸಿದ್ದಲ್ಲ.

ಕಲಿಯುವವರಿಗೆ 152 ಅಥವಾ ಹಂಸ. ಟರ್ಬೋ ಇರುವ ಹಂಸ-3 ಸಿಕ್ಕರೆ ಇನ್ನೂ ಒಳ್ಳೆಯದು. ಕಲಿತು ಕೈ ಪಳಗಿದವರಿಗೆ, ಏರ್‌ಬ್ರೇಕ್ ಬಳಸುವ ಶಿಸ್ತಿರುವವರಿಗೆ ವೈರಸ್. ಗಾಳಿ ಮುಖಕ್ಕೆ ಬಡಿಯಬೇಕು, ಕೆರೆ ಕಾಣಬೇಕು ಎನ್ನುವವರಿಗೆ ಎಕ್ಸ್-ಏರ್. ಯಾವುದನ್ನೇ ಆರಿಸಿದರೂ ಹೊತ್ತನ್ನು ಮಾತ್ರ ಆರಿಸಿಕೊಳ್ಳುವುದು ಲೇಸು. ಅದೇ ಏಪ್ರಿಲ್ ದಿನ ಬೆಳಿಗ್ಗೆ ಏಳಕ್ಕೆ 22 ಡಿಗ್ರಿ ಇದ್ದರೆ, ಮೇಲಿನ ಲೆಕ್ಕದಂತೆ ಜಕ್ಕೂರಿನ ಎತ್ತರ 6,000 ಅಲ್ಲ, ಸುಮಾರು 4,500 ಅಡಿ. ಮಧ್ಯಾಹ್ನ ಬಿಸಿಲು ನುಂಗುವ ಒಂದೂವರೆ ಸಾವಿರ ಅಡಿಯನ್ನು ಯಾವ ಕಂಪನಿಯ ವಿಮಾನಕ್ಕೂ ಬೆಳಗಿನ ಗಾಳಿ ಪುಕ್ಕಟೆ ಕೊಡುತ್ತದೆ.